ಇನ್ನೂ ತಲುಪದ ಬೆಳಕು

"ಯಾರನ್ನ ಕೇಳಿ ಇವನ್ನೆಲ್ಲ ಒಟ್ಟಿಗೆ ಸೇರಿಸಿದ್ರಿ?"

ತಾರಾಲಯದ ಗುಮ್ಮಟದಡಿ ನನ್ನ ದನಿ ಜೋರಾಗಿಯೇ ಮೊಳಗಿತು. ತಲೆಯ ಮೇಲೆ ಗ್ಯಾಲಕ್ಸಿಗಳು ಹಿಂಡುಗಟ್ಟಿ ಹೊಳೆಯುತ್ತಿದ್ದವು. ಅವನ್ನು ಬಿಡಿಸಿದ ಆ್ಯನಿಮೇಷನ್ ಕಲಾವಿದ ಪಕ್ಕದ ಕುರ್ಚಿಯಲ್ಲಿ ತಣ್ಣಗೆ ಕೂತಿದ್ದ.

"ಪಾಪ, ದೂರ ದೂರ ನಿಂತಿದ್ವು. ನೋಡೋಕಾಗಲಿಲ್ಲ," ಎಂದ. ತುಟಿಯಂಚಿನಲ್ಲಿ ನಗು. ಆ ನಗು ಕಂಡರೆ ನಾನು ಓದಿದ ಖಗೋಳಶಾಸ್ತ್ರವೆಲ್ಲ ಮರೆತುಹೋಗುತ್ತದೆ.

ಈ ಪ್ರದರ್ಶನಕ್ಕೆ ನಾನು ಒಪ್ಪಿಗೆ ಕೊಟ್ಟರೆ ಅವನ ಕೆಲಸ ಮುಗಿಯಿತು. ನಾಳೆ ಊರು ಬಿಡುತ್ತಾನೆ. ಅಕ್ಕ ಬೆಳಗ್ಗೆಯೇ ಫೋನಿನಲ್ಲಿ ಗದರಿದ್ದಳು: "ಇವತ್ತಾದ್ರೂ ಬಾಯಿ ಬಿಡ್ತೀಯೋ ಇಲ್ವೋ?" ಬಾಯಿ ಬಿಟ್ಟಿದ್ದೆ, ಬೈಯುವುದಕ್ಕೆ.

"ನಾವು ನೋಡ್ತಿರೋದು ಸಾವಿರದ ಇನ್ನೂರು ಕೋಟಿ ವರ್ಷದ ಹಿಂದಿನ ಬೆಳಕು. ಆಗಿನ್ನೂ ಇವು ಸೇರಿರಲಿಲ್ಲ ಕಣ್ರೀ. ಹೊರಟಿದ್ವು, ಅಷ್ಟೇ."

"ಯಾವ ದಾರೀಲಿ?"

"ತೋರಿಸ್ತೀನಿ, ಕೊಡಿ ಇಲ್ಲಿ." ರಿಮೋಟ್ ಕಸಿದುಕೊಂಡೆ. ಬೆರಳಿಗೆ ಬೆರಳು ತಾಕಿತು. ಇಬ್ಬರೂ ಏನೂ ಆಗದವರಂತೆ ಮೇಲೆ ನೋಡಿದೆವು.

ನಮ್ಮ ತಂಡದ ಕಂಪ್ಯೂಟರ್ ಸಿಮ್ಯುಲೇಷನ್ ಹಾಕಿದೆ. ಕತ್ತಲಲ್ಲಿ ಜೇಡನ ಬಲೆಯಂಥ ಎಳೆಗಳು ಮೂಡಿದವು. ಒಂದೊಂದು ಎಳೆಯೂ ಕೋಟಿಗಟ್ಟಲೆ ಜ್ಯೋತಿರ್ವರ್ಷ ಉದ್ದ. ಕಣ್ಣಿಗೆ ಕಾಣದ ದ್ರವ್ಯದ ಸೆಳೆತಕ್ಕೆ ಅನಿಲವೂ ಇಡೀ ಇಡೀ ಗ್ಯಾಲಕ್ಸಿಗಳೂ ಆ ಎಳೆಗುಂಟ ಜಾರಿ ಬರುತ್ತಿದ್ದವು. ಎಳೆಗಳು ಕೂಡುವ ಕಡೆ ಗುಂಪು ಕಟ್ಟುತ್ತಿದ್ದವು. ಎಷ್ಟೋ ಸಲ ನೋಡಿದ್ದೇನೆ, ಆದರೂ ಮೈ ಜುಮ್ಮೆಂದಿತು. ಇಷ್ಟು ದೊಡ್ಡದು, ಇಷ್ಟು ನಿಧಾನ, ಒಂದಿಷ್ಟೂ ಸದ್ದಿಲ್ಲ!

ಅವನ ನಗು ನಿಂತುಹೋಗಿತ್ತು. ಬಾಯಿ ತೆರೆದುಕೊಂಡು ಮಗುವಿನಂತೆ ನೋಡುತ್ತಿದ್ದ.

"ಈಗ? ಇವತ್ತಿಗೆ ಸೇರಿರುತ್ವಾ?" ಪಿಸುಗುಟ್ಟಿದ.

"ಯಾವಾಗಲೋ ಸೇರಿರಬೇಕು. ಸೇರಿದ ಮೇಲಿನ ಬೆಳಕು ಇನ್ನೂ ದಾರೀಲಿದೆ. ಅದು ಬಂದು ತಲುಪೋ ಹೊತ್ತಿಗೆ ನೀವೂ ಇರಲ್ಲ, ನಾನೂ ಇರಲ್ಲ."

ಹೇಳಿದ ಮೇಲೆ ನನಗೇ ಹೊಳೆಯಿತು. ಅವಕ್ಕೇನೋ ಬೇಕಾದಷ್ಟು ಕಾಲವಿತ್ತು. ನಮಗಿದ್ದದ್ದು ಇವತ್ತೊಂದು ದಿನ.

"ಹಾಗಾದ್ರೆ ಸರಿಮಾಡಿಬಿಡ್ತೀನಿ. ಸಂಜೆಯೊಳಗೆ ಒಪ್ಪಿಗೆ ಕೊಡಿ ಮೇಡಂ," ಎಂದು ಎದ್ದ.

"ಹೋಗಬೇಡಿ."

"ಯಾಕೆ, ಇನ್ನೂ ತಪ್ಪಿದೆಯಾ?"

"ತಪ್ಪೇನಿಲ್ಲ. ನನಗೆ ನೀವು ಬೇಕು."

ಅವನು ಮೆಲ್ಲಗೆ ಮತ್ತೆ ಕೂತ.

"ಅಷ್ಟು ದೂರದ್ದೆಲ್ಲ ಕಾಣುತ್ತೆ ನಿಮಗೆ," ಎಂದ. "ಪಕ್ಕದಲ್ಲೇ ಕೂತು ಇಷ್ಟು ದಿನ ಕಾಯ್ತಿದ್ದವನು ಕಾಣಲೇ ಇಲ್ವಲ್ರೀ!"