ಹನ್ನೊಂದನೇ ನಂಬರಿನ ಬಿಕ್ಕಳಿಕೆ

ಮೇ ಇಪ್ಪತ್ತೊಂದು. ಬಿಸಿಲೇರುವ ಮೊದಲೇ ಕಿತ್ತ ಗುಲಾಬಿಯ ಚೀಲಗಳು ತೂಕದ ಶೆಡ್ಡಿನ ಮುಂದೆ ಸಾಲುಗಟ್ಟಿದ್ದವು. ಎಣ್ಣೆ ಇಳಿಸುವ ಭಟ್ಟಿಗಳಿಗೆ ಆಗಲೇ ಉರಿ ಬಿದ್ದಿತ್ತು. ಎಂಟು ಗಂಟೆಗೆ ಮಾಲೀಕ ದೊಬ್ರೆವ್ ಕೈಯಲ್ಲೊಂದು ಫ್ಯಾಕ್ಸ್ ಹಿಡಿದು ಟೆಲಿಫೋನ್ ಕೋಣೆಗೆ ಬಂದ.

"ಪ್ಲೊವ್‌ದಿವ್ ಪೇಟೆಯ ವ್ಯಾಪಾರಿ ಆರು ಗಂಟೆಗೆ ಫೋನ್ ಮಾಡಿದ್ನಂತೆ. ಯಾರೋ ಗೇಲಿ ಮಾಡಿ ಇಟ್ಟುಬಿಟ್ರಂತೆ. ಈ ವರ್ಷ ನಮ್ಮ ಎಣ್ಣೆ ಬೇಡವಂತೆ. ಯಾರದು, ಝಿವ್ಕಾ?"

"ನಿಮ್ಮ ಕೋಣೆಯ ಹನ್ನೊಂದನೇ ನಂಬರಿಗೆ ಕೊಟ್ಟೆ, ಸಾಹೇಬ್ರೇ. ಎತ್ತಿದ್ರು. ಇಲ್ಲಿ ಹಸಿರು ದೀಪ ಬಂತು."

"ಐದೂವರೆಯಿಂದ ಅದರ ಪಕ್ಕದಲ್ಲೇ ಕೂತಿದ್ದೆ. ಗಂಟೆ ಹೊಡೀಲೇ ಇಲ್ಲ. ಸುಳ್ಳು ಹೇಳೋರು ನನಗೆ ಬೇಡ. ನಾಳೆಯಿಂದ ಬರಬೇಡ."

ಕರೆ ಜೋಡಿಸುವ ಆ ಕುರ್ಚಿಯಲ್ಲಿ ಝಿವ್ಕಾ ಕೂತು ಇಪ್ಪತ್ತೆರಡು ವರ್ಷವಾಗಿತ್ತು. ಎಕ್ಸ್‌ಚೇಂಜ್ ನೋಡಿಕೊಳ್ಳುವ ಮುದುಕ ನಾಯ್ಡೆನನನ್ನು ಕಜಾನ್ಲಕ್‌ನಿಂದ ಕರೆಸಿದಳು.

ನಾಯ್ಡೆನ್ ಎಕ್ಸ್‌ಚೇಂಜಿನ ಪೆಟ್ಟಿಗೆ ಬಿಚ್ಚಲಿಲ್ಲ. ನೇರ ಮಾಲೀಕನ ಕೋಣೆಗೆ ಹೋಗಿ, ರಿಸೀವರ್ ಎತ್ತಿ, ಸುಮ್ಮನೆ ಕೇಳಿಸಿಕೊಂಡ.

"ಈ ಟೋನು ಯಾವಾಗಿನಿಂದ ಹೀಗಿದೆ?" ಎಂದು ದೊಬ್ರೆವ್‌ನನ್ನು ಕೇಳಿದ.

"ಬೆಳಿಗ್ಗೆಯಿಂದ ಬಿಕ್ಕಳಿಸ್ತಿದೆ. ಹಳೇ ಡಬ್ಬ. ಆದ್ರೆ ನಾನು ಮಾಡಿದ ಕರೆಗಳೆಲ್ಲ ಹೋದ್ವಲ್ಲ?"

"ನಿನ್ನೆ ಎಲ್ಲಿದ್ರಿ?"

"ಇಡೀ ದಿನ ಶೆಡ್ಡಿನಲ್ಲಿ."

"ಅಲ್ಲಿಗೂ ನಿಮ್ಮ ಕರೆಗಳು ಬಂದ್ವಾ?"

"ಬರದೇ ಏನು—" ದೊಬ್ರೆವ್ ಅಲ್ಲಿಗೇ ನಿಲ್ಲಿಸಿದ.

ಝಿವ್ಕಾಳನ್ನೂ ಕರೆದುಕೊಂಡು ಮೂವರೂ ಶೆಡ್ಡಿಗೆ ಹೋದರು. ಒಳಗೆ ಕಾಲಿಡುತ್ತಿದ್ದಂತೆ ಫೋನ್ ಬಡಿದುಕೊಂಡಿತು. ತೂಕ ಮಾಡುವ ಕೊಸ್ತಾದಿನ್ ಒಂದು ಕೈಯಲ್ಲಿ ಚೀಲ ಹಿಡಿದೇ ಎತ್ತಿದ. "ನೂರು ಕಾಲ ಬಾಳಪ್ಪ. ಸಂಜೆ ಕುರಿಮರಿ ಸುಡ್ತೀವಿ, ಬಾ." ಇಟ್ಟುಬಿಟ್ಟ.

"ಯಾರದು?" ನಾಯ್ಡೆನ್ ಕೇಳಿದ.

"ಯಾರಿಗ್ಗೊತ್ತು? ನನ್ನ ಹೆಸರಿನ ಸಂತನ ಹಬ್ಬ ಇವತ್ತು. ಕತ್ತಲಿರೋವಾಗಿಂದ ಊರೆಲ್ಲ ಈ ಶೆಡ್ಡಿನ ನಂಬರಿಗೇ ನೇರ ಫೋನ್ ಮಾಡಿ ಶುಭಾಶಯ ಹೇಳ್ತಿದೆ. ಒಬ್ಬೊಬ್ಬರ ಮಾತು ಪೂರ್ತಿ ಕೇಳ್ತಾ ಕೂತ್ರೆ ಹೂವು ಬಾಡಿಹೋಗುತ್ತೆ."

"ಆರು ಗಂಟೆಗೆ?"

"ಒಬ್ಬ 'ಬೆಲೆ' ಅಂತ ಶುರು ಮಾಡಿದ. ಉಡುಗೊರೆ ಗಿಡುಗೊರೆ ಬೇಡ ಮಾರಾಯ, ಬರಿಗೈಲಿ ಬಾ ಅಂದೆ."

ಝಿವ್ಕಾಗೆ ನಗುವೂ ಅಳುವೂ ಒಟ್ಟಿಗೆ ಬಂದವು.

"ಅದು ಬಿಕ್ಕಳಿಕೆ ಅಲ್ಲ, ಸಾಹೇಬ್ರೇ," ಎಂದ ನಾಯ್ಡೆನ್. "ಕರೆಗಳನ್ನ ಬೇರೆ ಫೋನಿಗೆ ತಿರುಗಿಸಿದಾಗ ಎಕ್ಸ್‌ಚೇಂಜು ಟೋನನ್ನ ಹಾಗೆ ತುಂಡು ಮಾಡಿ ನೆನಪಿಸುತ್ತೆ. ನಿಮ್ಮಿಂದ ಹೊರಗೆ ಹೋಗುತ್ತೆ, ಬರೋದೆಲ್ಲ ಶೆಡ್ಡಿಗೆ. ನಿನ್ನೆ ತಿರುಗಿಸಿದೋರು ನೀವು. ಬಿಡಿಸೋದು ಮರೆತೋರೂ ನೀವೇ. ಇವಳ ದೀಪ ಸುಳ್ಳು ಹೇಳಿಲ್ಲ, ಇವಳೂ ಹೇಳಿಲ್ಲ."

ದೊಬ್ರೆವ್ ಶೆಡ್ಡಿನ ಬಾಗಿಲತ್ತ ತಿರುಗಿದ. "ಪ್ಲೊವ್‌ದಿವ್‌ಗೆ ಹಾಕು, ಝಿವ್ಕಾ. ತಪ್ಪು ನಂದೇ ಅಂತ ಅವನಿಗೆ ನಾನೇ ಹೇಳ್ತೀನಿ," ಎಂದ.

ಝಿವ್ಕಾ ಟೆಲಿಫೋನ್ ಕೋಣೆಗೆ ಹೋಗಿ ತನ್ನ ಕುರ್ಚಿಯಲ್ಲಿ ಕೂತಳು; ಇಬ್ಬರೂ ಹಿಂದೆಯೇ ಬಂದರು. ಗುಂಡಿ ಒತ್ತಲಿಲ್ಲ.

"ಅವನಿಗೆ ಹೇಳೋದನ್ನ ಮೊದಲು ನನಗೆ ಹೇಳಿ."

ಮಾಲೀಕ ಬಗ್ಗಿ ಎರಡೇ ಮಾತು ಹೇಳಿದ. ಬಾಗಿಲಲ್ಲಿದ್ದ ನಾಯ್ಡೆನ್‌ಗೂ ಕೇಳಿಸಲಿಲ್ಲ. ಝಿವ್ಕಾಗೆ ಕೇಳಿಸಿತು. ಅವಳು ಲೈನ್ ಕೊಟ್ಟಳು.