ಆರುನೂರ ಹದಿನಾಲ್ಕನೆಯ ಎಂಜಿನ್

ಮಾರ್ಚ್ ಮೊದಲ ವಾರ, ಬೆಳಗಿನ ಎಂಟು ಗಂಟೆ. ಪ್ಲೆವೆನ್ ಊರಾಚೆಯ ಹಳೆ ಕಾರುಗಳ ಯಾರ್ಡಿನಲ್ಲಿ ಕೆಸರು ಇನ್ನೂ ಹೆಪ್ಪುಗಟ್ಟಿತ್ತು. ಎಲ್ಲರ ಮಣಿಕಟ್ಟಿನಲ್ಲೂ ವಸಂತದ ಸ್ವಾಗತಕ್ಕೆ ಕಟ್ಟಿಕೊಳ್ಳುವ ಕೆಂಪು ಬಿಳಿ ದಾರ ಹೊಸದಾಗಿ ಹೊಳೆಯುತ್ತಿತ್ತು. ಯಜಮಾನಿ ರಾದ್ಕಾ ಬಂದವಳೇ ಮೇಸ್ತ್ರಿ ವೆಲ್ಕೊನನ್ನು ಕರೆದಳು.

"ಇನ್ಮೇಲೆ ಯಾವ ಸಾಮಾನು ಎಲ್ಲಿದೆ ಅಂತ ಕಂಪ್ಯೂಟರೇ ಹೇಳುತ್ತೆ ವೆಲ್ಕೊ. ಎಲ್ಲರಿಗೂ ಕಲಿಸೋಕೆ ಗುರುವಾರ ಟೀಚರಮ್ಮ ಬರ್ತಾರೆ. ಬೇಸಿಗೆಯಿಂದ ನೀನು ಗೇಟ್ ನೋಡ್ಕೋ."

ಇಪ್ಪತ್ತೇಳು ವರ್ಷ ಆ ಯಾರ್ಡು ವೆಲ್ಕೊನ ತಲೆಯೊಳಗಿತ್ತು. ಯಾವ ಸಾಲಿನಲ್ಲಿ ಯಾವ ಬಾಗಿಲು, ಯಾವ ಕಾರಿನ ಹೊಟ್ಟೆಯಲ್ಲಿ ಇನ್ನೂ ಜೀವವಿದೆ, ಎಲ್ಲ ಅವನಿಗೆ ಬಾಯಿಪಾಠ. ಅವನನ್ನು ಕೇಳದೆ ಒಂದು ಬೋಲ್ಟೂ ಕದಲುತ್ತಿರಲಿಲ್ಲ. ಈಗ ಗೇಟಿನ ಕುರ್ಚಿ. ಅವನು ಮೂರನೆಯ ಸಾಲಿಗೆ ಹೋಗಿ ಆರುನೂರ ಹದಿನಾಲ್ಕನೆಯ ನಂಬರಿನ ಎಂಜಿನ್ ಮುಂದೆ ನಿಂತ. ಹಿಂಬದಿ ಜಜ್ಜಿಹೋದ ಹೊಸ ಕಾರಿನಿಂದ ಇಳಿಸಿದ್ದು. ಯಾರ್ಡಿನಲ್ಲಿ ಅಂಥದ್ದು ಇನ್ನೊಂದಿರಲಿಲ್ಲ.

ಎಂಜಿನ್ ತನ್ನದಾಗಬೇಕು, ಕಂಪ್ಯೂಟರಿನ ಮರ್ಯಾದೆ ಹೋಗಬೇಕು, ಕೆಟ್ಟ ಹೆಸರು ಬೇರೆಯವನಿಗೆ ಬರಬೇಕು. ಮೂರಕ್ಕೂ ಗುರುವಾರವೇ ಸರಿ. ಕಲಿಯುವ ದಿನ ಹನ್ನೆರಡು ಜನ ನೂರು ತಪ್ಪು ಮಾಡುತ್ತಾರೆ, ನೂರರಲ್ಲಿ ಒಂದನ್ನು ಯಾರು ಹೆಕ್ಕಿ ನೋಡುತ್ತಾರೆ? ಮೇಲಾಗಿ ಆ ದಿನ ಗಿರಾಕಿಗಳಿಗೆ ಗೇಟು ಮುಚ್ಚಿರುತ್ತದೆ, ನೋಡುವ ಕಣ್ಣು ಕಡಿಮೆ. ಗುಂಡಿ ಒತ್ತುವ ಬೆರಳು ಮಾತ್ರ ನೈದೆನ್‌ನದಾಗಿರಬೇಕು. ಅರವತ್ತೆರಡರ ನೈದೆನ್ ಅಕ್ಷರ ಕೂಡಿಸಿ ಕೂಡಿಸಿ ಓದುವವನು. ಅವನು ತಪ್ಪು ಮಾಡಿದ ಎಂದರೆ ಯಾರಿಗೂ ಸೋಜಿಗವಿಲ್ಲ.

ಗುರುವಾರ ಪಾಠದ ಮೊದಲ ಗಂಟೆಗೆ ವೆಲ್ಕೊ ಹೋಗಲಿಲ್ಲ. ಫೋನು ಹಿಡಿಯುವುದು ಹೇಗೆಂದು ಹೇಳಿಸಿಕೊಳ್ಳುವ ವಯಸ್ಸೇ ತನ್ನದು? ಗೇಟಿನಾಚೆಯ ಅಂಗಡಿಯಲ್ಲಿ ಚೀಸು ತುಂಬಿದ ಬಿಸಿ ಬಾನಿತ್ಸಾ ತಿಂದು, ಮೇಲೊಂದು ಲೋಟ ಹುದುಗಿಸಿದ ಧಾನ್ಯದ ಬೋಜಾ ಕುಡಿದು, ನಿಧಾನವಾಗಿ ಒಳಗೆ ಬಂದ.

"ಬನ್ನಿ ಮೇಸ್ತ್ರಿ," ನೈದೆನ್ ಸರಿದು ಜಾಗ ಕೊಟ್ಟ. "ಮುಖ್ಯವಾದದ್ದೆಲ್ಲ ಮುಗೀತು."

"ನಿನ್ನ ತಲೆಗೆ ಹತ್ತಿದ್ದು ನನ್ನ ತಲೆಗೆ ಹತ್ತದೇ ಇರುತ್ತಾ?"

ಎಲ್ಲರೂ ನಕ್ಕರು, ನೈದೆನ್ನೂ ನಕ್ಕ. ಒಬ್ಬೊಬ್ಬರ ಕೈಯಲ್ಲೂ ಒಂದು ಫೋನು, ಪರದೆಯ ಮೇಲ್ತುದಿಯಲ್ಲಿ ಹಳದಿ ಪಟ್ಟಿ. ಮದುವೆ ಕಾರಿಗೆ ರಿಬ್ಬನ್ ಕಟ್ಟಿದ ಹಾಗಿದೆ ಎಂದುಕೊಂಡ ವೆಲ್ಕೊ. ಟೀಚರಮ್ಮ ಆಚೆ ತಿರುಗುವುದನ್ನೇ ಕಾದು, ನೈದೆನ್‌ನ ಫೋನಿನಲ್ಲಿ ಆರುನೂರ ಹದಿನಾಲ್ಕನ್ನು ಹುಡುಕಿದ. 'ಕರಗಿಸಲು ಹೋಗಿದೆ' ಎಂಬ ಗುಂಡಿಯ ಮೇಲೆ ಅವನ ಬೆರಳನ್ನು ತಾನೇ ತಂದಿಟ್ಟ.

"ಇಲ್ಲಿ ಒತ್ತು, ನೈದೆನಣ್ಣ."

"ಒತ್ತಿದ್ರೆ ಎಂಜಿನ್ ಮಾಯ ಆಗುತ್ತಲ್ಲ ಮೇಸ್ತ್ರಿ?"

"ಆದ್ರೆ ಆಗ್ಲಿ, ಕಲಿಯೋಕೆ ತಾನೇ."

"ಅದೂ ನಿಜ ಅನ್ನಿ. ನೀವು ಹೇಳಿದ್ರೆ ಇಡೀ ಯಾರ್ಡನ್ನೇ ಕರಗಿಸೋಕೆ ಕಳಿಸ್ತೀನಿ." ನೈದೆನ್ ಖುಷಿಯಿಂದ ಒತ್ತಿದ. ನಂಬರು ಮಾಯವಾಯಿತು. ಒಂದು ಕ್ಷಣ ವೆಲ್ಕೊನಿಗೆ ಆ ಮುದುಕನ ಮೇಲೆ ಮರುಕ ಹುಟ್ಟಿತು.

ಮಧ್ಯಾಹ್ನ ಎಲ್ಲರೂ ಶೆಡ್ಡಿನಲ್ಲಿ ಹುರುಳಿಕಾಯಿ ಬೀಜದ ಸಾರಿಗೆ ಬ್ರೆಡ್ಡು ಅದ್ದಿಕೊಂಡು ತಿನ್ನುವಾಗ ವೆಲ್ಕೊನ ಭಾವಮೈದ ವ್ಯಾನು ತಂದ. ಎಂಜಿನ್ ಕೆಳಗೆ, ತುಕ್ಕು ಬಾಗಿಲುಗಳು ಮೇಲೆ. 'ಹಳೆ ಬಾಗಿಲು ನಾಲ್ಕು' ಎಂದು ಗೇಟಿನ ಚೀಟಿ ಬರೆದು ವೆಲ್ಕೊ ಸಹಿ ಹಾಕಿದ. ವ್ಯಾನು ಗೇಟು ದಾಟಿತು.

ಮರುದಿನ ಹತ್ತು ಗಂಟೆಗೆ ರಾದ್ಕಾ ಎಲ್ಲರನ್ನೂ ಆಫೀಸಿಗೆ ಕರೆಸಿ ಬಾಗಿಲು ಹಾಕಿಸಿದಳು. ಆ ಎಂಜಿನ್‌ಗೆ ಗಿರಾಕಿ ಬಂದಿದ್ದ, ಮೂರನೆಯ ಸಾಲಿನಲ್ಲಿ ಅದರ ಜಾಗ ಖಾಲಿ ಇತ್ತು.

"ಕಂಪ್ಯೂಟರ್ ನೋಡಿ ಯಜಮಾನಮ್ಮ," ಎಂದ ವೆಲ್ಕೊ. "ನೈದೆನಣ್ಣ ಏನೋ ಒತ್ತಿದ್ದನ್ನ ನಾನೇ ಕಣ್ಣಾರೆ ಕಂಡೆ. ಕರಗಿಸೋ ಗಾಡಿಗೆ ಹಾಕಿಬಿಟ್ರೋ ಏನೋ."

ರಾದ್ಕಾ ಪರದೆಯನ್ನು ಅವನ ಕಡೆ ತಿರುಗಿಸಿದಳು. ಆರುನೂರ ಹದಿನಾಲ್ಕು, ಮೂರನೆಯ ಸಾಲು, ಇದೆ. ವೆಲ್ಕೊ ಎರಡು ಸಲ ಓದಿದ. ಪರದೆಯ ಮೇಲ್ತುದಿಯಲ್ಲಿ ಹಳದಿ ಇರಲಿಲ್ಲ. ಅವನು ಬಾಗಿಲ ಕಡೆ ನೋಡಿದ. ಅಲ್ಲಿ ಹನ್ನೊಂದು ಜನ ನಿಂತಿದ್ದರು.

"ಮೊದಲ್ನೇ ಗಂಟೇಲೇ ಹೇಳಿದ್ರಲ್ಲ ಮೇಸ್ತ್ರಿ," ನೈದೆನ್ ಮೆಲ್ಲನೆ ಎಂದ, ತಾನೇ ತಪ್ಪು ಮಾಡಿದವನ ಹಾಗೆ. "ಹಳದಿ ಪಟ್ಟಿ ಇರೋವರೆಗೂ ಅದು ಅಭ್ಯಾಸದ ಯಾರ್ಡು. ಅಲ್ಲಿ ಏನು ಅಳಿಸಿದ್ರೂ ನಿಜವಾದದ್ದಕ್ಕೆ ತಾಗಲ್ಲ. ನೀವು ಆಗ ಬಾನಿತ್ಸಾ ತಿಂತಿದ್ರಿ." ರಾದ್ಕಾ ಗುರುವಾರದ ಗೇಟಿನ ಚೀಟಿಗಳನ್ನು ತೆಗೆದಳು. ಗೇಟು ಮುಚ್ಚಿದ್ದ ದಿನ, ಇದ್ದದ್ದು ಒಂದೇ ಚೀಟಿ, ಅದರ ಸಹಿಯನ್ನು ವೆಲ್ಕೊ ದೂರದಿಂದಲೇ ಗುರುತಿಸಿದ. ಪೊಲೀಸರ ಗಾಡಿಯಲ್ಲಿ ವೆಲ್ಕೊ ಹೋದದ್ದು ಆ ಶುಕ್ರವಾರ, ಊಟದ ಹೊತ್ತಿಗೆ ಮುಂಚೆ. ಗೇಟು ತೆರೆದು ಹಿಡಿದವನು ನೈದೆನ್.