ಬಲಗಡೆಯ ಪಂಪ್

ಸೂಜಿಯ ತುದಿಯಿಂದ ಬರುತ್ತಿದ್ದ ದ್ರಾವಣದ ಎಳೆ ಮತ್ತೆ ಹರಿದು ಹನಿಹನಿಯಾಗಿ ತೊಟ್ಟಿಕ್ಕಿದಾಗ ಶಿವಗಂಗಾ ಗಡಿಯಾರ ನೋಡಿದಳು. ಸಂಜೆ ಮಿಯಾಪುರದ ಮನೆಗೆ ಅವಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅವಳೋ ಜೀಡಿಮೆಟ್ಲಾದ ಲ್ಯಾಬಿನಲ್ಲಿ ಸಿಕ್ಕಿಬಿದ್ದಿದ್ದಳು. ನಾಳೆ ಟೆಸ್ಟಿಂಗ್‌ಗೆ ಹೋಗಬೇಕಾದ ಸ್ಯಾಂಪಲ್ ಮುಗಿಯದೆ ಹೊರಡುವಂತಿರಲಿಲ್ಲ.

ಜೊತೆಗಿದ್ದವನು ವೈಜನಾಥ, ರಾಯಚೂರಿನ ಹುಡುಗ. ದಿನಾ ಚಹಾ ತಂದುಕೊಡುತ್ತಾನೆ, ಕದ್ದು ನೋಡುತ್ತಾನೆ, ಇವಳು ತಿರುಗಿದರೆ ಮೀಟರ್ ಓದುವವನಂತೆ ನಟಿಸುತ್ತಾನೆ. ಬಾಯಿ ಮಾತ್ರ ಬಿಡುವುದಿಲ್ಲ, ಪುಣ್ಯಾತ್ಮ!

ಕೆಲಸವೇನೋ ನಾಜೂಕಿನದು. ಜೋಡಿ ಸೂಜಿಗಳಿಂದ ಎರಡು ದ್ರಾವಣ ಅಕ್ಕಪಕ್ಕ ಹೊರಬಂದು, ಹೈವೋಲ್ಟೇಜಿನ ಸೆಳೆತಕ್ಕೆ ಕೂದಲಿಗಿಂತ ಸಣ್ಣನೆಯ ಒಂದೇ ಎಳೆ, ಅಂದರೆ ನ್ಯಾನೊಫೈಬರ್, ಆಗಬೇಕು. ಗಾಯದ ಮೇಲಿಟ್ಟರೆ ಅದರ ಒಂದು ಮಗ್ಗುಲು ಔಷಧಿಯನ್ನು ಕೂಡಲೇ ಬಿಡಬೇಕು, ಇನ್ನೊಂದು ದಿನಗಟ್ಟಲೆ ಸ್ವಲ್ಪಸ್ವಲ್ಪವೇ ಬಿಡಬೇಕು.

ಸೀರೆ ಇಸ್ತ್ರಿಯಾಗಿದೆ, ಬೇಗ ಬಾ ಎಂದು ಅವ್ವ ಮತ್ತೆ ಫೋನಿನಲ್ಲಿ ಗೋಗರೆದಳು. ಹೂಂ ಎಂದು ಇಟ್ಟು ಶಿವಗಂಗಾ ವೈಜನಾಥನ ಮುಖ ನೋಡಿದಳು. ಹೋಗಬೇಡ ಎಂದು ಒಂದು ಮಾತು ಅಂದಿದ್ದರೆ ನಿಂತುಬಿಡುತ್ತಿದ್ದಳು. ಅವನು ಗ್ಲೌಸ್ ಎಳೆದುಕೊಂಡು ಮೀಟರಿನತ್ತ ತಿರುಗಿದ.

ಸಿಟ್ಟಿಗೆ ಕಣ್ಣು ತುಂಬಿ ಅವಳು ಸಿರಿಂಜುಗಳ ಕಡೆ ತಿರುಗಿದಳು. ಎಡಗಡೆಯದು ಹೆಚ್ಚುಕಡಿಮೆ ತುಂಬಿಯೇ ಇತ್ತು, ಬಲಗಡೆಯದು ಆಗಲೇ ಅರ್ಧ ಖಾಲಿ. ಸಿರಿಂಜನ್ನು ಒತ್ತುವ ಬಲಗಡೆಯ ಪಂಪಿನ ವೇಗವನ್ನು ಯಾರೋ ಏರಿಸಿದ್ದರು, ಎಳೆ ಹರಿಯುತ್ತಿದ್ದುದು ಅದಕ್ಕೇ. ಲ್ಯಾಬಿನಲ್ಲಿ ಇದ್ದವರೇ ಇಬ್ಬರು.

ಅವಳು ವೋಲ್ಟೇಜ್ ಬಂದ್ ಮಾಡಿದಳು.

"ನೀವ ಏರಿಸೀರಿ, ಹೌದಿಲ್ರಿ?"

ಅವನು ತಲೆ ತಗ್ಗಿಸಿದ. "ಎಳಿ ಛಲೋ ಬಂದಿದ್ರ ನೀವು ಹೋಗಿಬಿಡ್ತಿದ್ರಿ. ನೀವಿಲ್ಲದ ನನಗ ಆಗೂದಿಲ್ರಿ."

ಎಷ್ಟೋ ದಿನದಿಂದ ಕಾದ ಮಾತು ಕಿವಿಗೆ ಬಿದ್ದರೂ ಅವಳ ಮೈಯೆಲ್ಲ ಉರಿಯಿತು.

"ನನ್ನ ಕೆಲಸ ಕೆಡಿಸಿ ನನ್ನ ಇಟ್ಕೋತೀರೇನು? ಬಾಯಿಲೆ ಹೇಳಾಕ ಏನಾಗಿತ್ತು?"

ತಪ್ಪಾಯಿತು ಎಂದವನೇ ಅವನು ಪಂಪನ್ನು ಸರಿಮಾಡಿದ. ಇನ್ನೊಮ್ಮೆ ಹೀಗೆ ಮಾಡಿದರೆ ಮುಖ ನೋಡುವುದಿಲ್ಲ ಎಂದಳು ಶಿವಗಂಗಾ. ಆಮೇಲೆ ಅಪ್ಪನ ನಂಬರ್ ಒತ್ತಿ ಫೋನನ್ನು ಅವನ ಕೈಗೇ ಕೊಟ್ಟಳು. ಎಲ್ಲಿದ್ದೀ ಎಂದು ಆ ಕಡೆಯಿಂದ ಅಮರೇಶಪ್ಪ ಗದರಿದರು.

"ಕಾಕಾರ, ನಾ ವೈಜನಾಥ, ಇವರ ಜೋಡಿ ಲ್ಯಾಬಿನ್ಯಾಗ ಕೆಲಸ ಮಾಡಾಂವ ಮಾತಾಡಾಕತ್ತೀನ್ರಿ. ಇವತ್ತ ಹುಡುಗಿ ನೋಡಾಕ ಬರಾವ್ರೊಳಗ ನಾನೂ ಒಬ್ಬ ಅಂತ ತಿಳೀರಿ."

ಹುಡುಗಿ ಏನಂತಾಳೆ ಎಂದು ಅಮರೇಶಪ್ಪ ಕೇಳಿದರು. ಅವನು ಫೋನನ್ನು ಅವಳತ್ತ ಚಾಚಿದ.

"ಅಪ್ಪಾ, ಗಂಡಿನ ಕಡೆಯವ್ರಿಗೆ ಬರಬ್ಯಾಡ್ರಿ ಅಂತ ಹೇಳು," ಎಂದಳು ಶಿವಗಂಗಾ. "ಈ ಕೆಲಸ ಮುಗಿಸಿ ನಾವಿಬ್ಬರೂ ಮನಿಗೆ ಬರ್ತೀವಿ."